ಹಾಲಿಗೆ ಪುಡಿ ಬೆರೆಸಿದವಳು

ಗೆಳತಿಯ ಫೋನು ಬಂದಾಗ ನಾನು ಮೇಕಪ್ ಕೋಣೆಯಲ್ಲಿದ್ದೆ. ಒಂದು ಕಣ್ಣಿಗೆ ಕಾಡಿಗೆ ಹಚ್ಚಿ ಆಗಿತ್ತು, ಇನ್ನೊಂದು ಬಾಕಿ ಇತ್ತು. ಹಲೋ ಅಂದೆ. ಅವಳು ಕೇಳಿದಳು:

"ಆ ಹಾಲಿನ್ಯಾಗ ನೀ ಏನ ಹಾಕತಿದ್ದಿ?"

ತಮಾಷೆ ಅಂದುಕೊಂಡು ನಕ್ಕೆ. ಆ ತಿಂಗಳು ನನ್ನನ್ನು ಕಂಡವರೆಲ್ಲ ಅದನ್ನೇ ಕೇಳುತ್ತಿದ್ದರು.

"ನಗಬ್ಯಾಡ," ಅಂದಳು. "ಅತ್ತಿಯವ್ರು ನನ್ನ ಕೈಯಾಂದು ಉಣ್ಣೂದು ಬಿಟ್ಟು ಎಂಟು ದಿನ ಆತು."

ಅವಳ ಅತ್ತೆ ಎಂದರೆ ನನ್ನ ದೊಡ್ಡವ್ವ, ನನ್ನ ತಾಯಿಯ ಅಕ್ಕ. ನನ್ನ ಹುಟ್ಟೂರು ಬನಹಟ್ಟಿ. ಅಪ್ಪ ಪವರ್‌ಲೂಮಿನಲ್ಲಿ ಕೆಲಸಕ್ಕಿದ್ದ, ಅವ್ವ ಮನೆಯಲ್ಲಿ ನೂಲು ಸುತ್ತುತ್ತಿದ್ದಳು. ಹತ್ತನೆಯ ಇಯತ್ತೆ ಮುಗಿದ ಮೇಲೆ ನನ್ನ ಓದು ಸಾಕೆಂದು ಅಪ್ಪ ಹೇಳಿದಾಗ, ದೊಡ್ಡವ್ವ ಸಾವಳಗಿಯಿಂದ ಬಂದು, ಒಂದು ಮಾತೂ ವಾದ ಮಾಡದೆ ನನ್ನ ಬಟ್ಟೆ ಕಟ್ಟಿಕೊಂಡು ಕರೆದುಕೊಂಡು ಹೋದಳು. ಅವಳ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಜಮಖಂಡಿಯ ಕಾಲೇಜಿಗೆ ಹೋಗಿಬಂದೆ, ಐದು ವರ್ಷ. ಅಲ್ಲಿಯೇ ಈ ಗೆಳತಿ ಸಿಕ್ಕಿದ್ದು. ಮುಧೋಳದವಳು, ಹಾಸ್ಟೆಲ್ಲಿನಲ್ಲಿದ್ದಳು. ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ನಾನು ನಾಟಕ ಮಾಡಿದಾಗಲೆಲ್ಲ ನನ್ನ ಸೀರೆಗೆ ಪಿನ್ನು ಹಾಕಿ, ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುತ್ತಿದ್ದವಳು ಅವಳೇ. ದೊಡ್ಡವ್ವ ತನ್ನ ಒಬ್ಬನೇ ಮಗನಿಗೆ ಹೆಣ್ಣು ಹುಡುಕುವಾಗ ಇವಳ ವಿಷಯ ಹೇಳಿದವಳು ನಾನು. ದೊಡ್ಡವ್ವ ಮನೆತನವನ್ನೂ ಹೆಚ್ಚು ವಿಚಾರಿಸಲಿಲ್ಲ. "ನೀ ಹೇಳಿದ್ರ ಆತು," ಅಂದಿದ್ದಳು. ಅದಾಗಿ ಹದಿನಾಲ್ಕು ವರ್ಷ. ಅವರಿಗೊಬ್ಬ ಮಗಳಿದ್ದಾಳೆ, ವಿಜಯಪುರದಲ್ಲಿ ಇದ್ದು ಓದುತ್ತಾಳೆ.

ನಾನು ಬೆಂಗಳೂರಿಗೆ ಹೋದ ಮೇಲೆ ಮೊದಲ ನಾಲ್ಕು ವರ್ಷ ಧಾರಾವಾಹಿಗಳಲ್ಲಿ ಮನೆಗೆಲಸದವಳ ಪಾತ್ರವನ್ನೇ ಮಾಡಿದೆ. ನಮ್ಮ ಕಡೆಯ ಮಾತು ಅಲ್ಲಿಯವರಿಗೆ ನಗೆ ತರಿಸುತ್ತಿತ್ತು. ನಾನು ಆಡುವಂತೆಯೇ ಆಡಿದರೂ ಸಾಲದು, ಇನ್ನಷ್ಟು ಎಳೆದು ಹೇಳಿ ಎನ್ನುತ್ತಿದ್ದರು. ಇನ್ನೊಂದು ದೂರು ನನ್ನ ದನಿಯದು. ಮಗ್ಗದ ಸಪ್ಪಳದಲ್ಲಿ ಬೆಳೆದವರು ನಾವು, ಪಕ್ಕದಲ್ಲಿ ಕುಳಿತವರಿಗೂ ಕೂಗಿಯೇ ಹೇಳುವ ರೂಢಿ. ಮೈಕು ಎದೆಗೇ ಸಿಕ್ಕಿಸಿದೆ, ಯಾಕೆ ಕಿರುಚುತ್ತೀರಿ ಎಂದು ಸೌಂಡಿನವನು ಕಿವಿಯಿಂದ ಹೆಡ್‌ಫೋನು ತೆಗೆದು ನನ್ನನ್ನು ನೋಡುತ್ತಿದ್ದ. ಮೆಲ್ಲಗೆ ಮಾತಾಡುವುದನ್ನು ನಾನು ಕಲಿತೆ. ಮಾತನ್ನೂ ಬೇರೆ ಕಲಿತೆ. ಕೊನೆಗೆ ಒಂದು ದೊಡ್ಡ ಧಾರಾವಾಹಿಯಲ್ಲಿ ಶ್ರೀಮಂತರ ಮನೆಯ ಹಿರಿಸೊಸೆಯ ಪಾತ್ರ ಸಿಕ್ಕಿತು. ಮೆಲ್ಲಗೆ ಮಾತಾಡುವ, ನಗುನಗುತ್ತಲೇ ಮನೆ ಒಡೆಯುವ ಹೆಂಗಸು. ಮೂರು ವರ್ಷ ನಡೆಯಿತು. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಆ ಪಾತ್ರದ ಹೆಸರು ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಕಥೆಯಲ್ಲಿ ನನಗೊಂದು ಹೊಸ ಕೆಲಸ ಬಂತು. ಆಸ್ತಿಗೆ ಸಹಿ ಹಾಕಿಸಿಕೊಳ್ಳಲು, ಅತ್ತೆಗೆ ಕೊಡುವ ಹಾಲಿನಲ್ಲಿ ದಿನಾ ಒಂದು ಚಮಚ ಪುಡಿ ಬೆರೆಸಬೇಕು. ಅತ್ತೆಗೆ ಮೆಲ್ಲಮೆಲ್ಲಗೆ ಮರೆವು ಬರಬೇಕು. ಆರು ವಾರ ನಾನು ಆ ಹಾಲು ಕದಡಿದೆ. ಚಮಚ ಗ್ಲಾಸಿಗೆ ತಾಗುವ ಸದ್ದು, ನನ್ನ ಕಣ್ಣು, ಪುಡಿ, ಮತ್ತೆ ಕಣ್ಣು. ಅತ್ತೆ ಗ್ಲಾಸು ಎತ್ತಿದಾಗ ನನ್ನ ನಗು. ಜನ ಮುಗಿಬಿದ್ದು ನೋಡಿದರು. ಸೆಟ್ಟಿನಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು.

ಸಾವಳಗಿಯಲ್ಲಿ ದೊಡ್ಡವ್ವನೂ ನೋಡಿದ್ದಳು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಗೆಳತಿ ಕೊಟ್ಟ ಹಾಲನ್ನು ಬೇಡವೆಂದಳಂತೆ. ಆಮೇಲೆ ಚಹಾ, ಆಮೇಲೆ ಪಲ್ಲೆ, ರೊಟ್ಟಿ. ಕಡೆಗೆ ಮನೆಯ ಯಾವುದನ್ನೂ ಮುಟ್ಟಲಿಲ್ಲ. ಅಂಗಡಿಯಿಂದ ಬಾಳೆಹಣ್ಣು, ಬಿಸ್ಕೀಟು, ನೀರಿನ ಬಾಟಲಿ ತರಿಸಿ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿಕೊಂಡಳು. ಮಾತಾಡಿಸಲು ಬಂದ ಓಣಿಯ ಹೆಂಗಸರ ಮುಂದೆ, ಸೊಸೆ ಏನೋ ಹಾಕುತ್ತಾಳೆ ಎಂದೂ ಹೇಳಿದಳು. ಆ ಮಾತು ಮುಧೋಳದವರೆಗೆ ಹೋಗಿತ್ತು. ಗೆಳತಿಯ ಅಣ್ಣ ಫೋನು ಮಾಡಿ, ನಾಳೆ ಮುದುಕಿಗೆ ಏನಾದರೂ ಆದರೆ ಹೆಸರು ನಮ್ಮ ತಂಗಿಯ ಮೇಲೆ ಬರುತ್ತದೆ, ಶುಕ್ರವಾರ ಬಂದು ಕರೆದುಕೊಂಡು ಹೋಗುತ್ತೇನೆ, ಆಮೇಲೆ ಹಿರಿಯರು ಕೂತು ಮಾತಾಡಲಿ ಎಂದಿದ್ದನಂತೆ.

ಇದೆಲ್ಲವನ್ನೂ ಗೆಳತಿ ಒಂದೇ ದನಿಯಲ್ಲಿ ಹೇಳಿದಳು. ಅವಳ ಅಳು ನನಗೆ ಗೊತ್ತು, ಅವತ್ತು ಅವಳು ಅಳುತ್ತಿರಲಿಲ್ಲ. ಕಡೆಗೆ ಹೇಳಿದ್ದು ಇಷ್ಟು: "ಈ ಮನಿಗಿ ನನ್ನ ತಂದಾಕಿ ನೀನ. ಈಗ ವಿಷ ಹಾಕಾಕಿ ಮಾಡಿದಾಕಿನೂ ನೀನ. ಬಂದು ಏನರ ಮಾಡು."

ಆ ದಿನ ಮಂಗಳವಾರ. ಮ್ಯಾನೇಜರನನ್ನು ರಜೆ ಕೇಳಿದೆ. ಪ್ರಸಾರಕ್ಕೆ ಕೈಯಲ್ಲಿ ನಾಲ್ಕೇ ಕಂತು ಉಳಿದಿವೆ ಎಂದು ಅವನು ತಲೆ ಹಿಡಿದುಕೊಂಡ. ಮನೆಯಲ್ಲಿ ಹುಷಾರಿಲ್ಲ ಎಂದೆ. ಯಾರಿಗೆ, ಏನಾಗಿದೆ ಎಂದು ಕೇಳಿದ. ದೊಡ್ಡವ್ವನಿಗೆ ಎಂದಷ್ಟೇ ಹೇಳಿದೆ. ಬುಧವಾರ, ಗುರುವಾರ ಎರಡು ದಿನ ಕೊಟ್ಟ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಸೆಟ್ಟಿನಲ್ಲಿರಬೇಕು, ಮನೆಯವರೆಲ್ಲ ಇರುವ ದೊಡ್ಡ ಸೀನು, ಇಪ್ಪತ್ತು ಜನ ಕಲಾವಿದರ ಡೇಟು ಹೊಂದಿಸಿದ್ದೇವೆ ಎಂದ. ಹೂಂ ಅಂದೆ.

ಬುಧವಾರ ಬೆಳಿಗ್ಗೆ ಜಮಖಂಡಿಯಲ್ಲಿ ಇಳಿದು ಸಾವಳಗಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದರೂ ಒಬ್ಬ ಹೆಂಗಸು ಗುರುತು ಹಿಡಿದಳು. ಗಲಗಲಿಗೆ ಹೊರಟವಳು, ಮಡಿಲಲ್ಲಿ ಬದನೆಕಾಯಿಯ ಚೀಲವಿತ್ತು. "ಪಾಪ ಆ ಮುದುಕಿಗಿ ನೀವು ಹಂಗ ಮಾಡಬಾರದಿತ್ರಿ," ಎಂದು ಸಿಟ್ಟಿನಿಂದಲೇ ಹೇಳಿದಳು. ಆಮೇಲೆ ಜೊತೆಗಿದ್ದ ಮಗಳಿಗೆ ಫೋನು ಕೊಟ್ಟು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಬೇರೆ ದಿನವಾಗಿದ್ದರೆ ಅದು ನನಗೆ ಸಿಕ್ಕ ಬಹುಮಾನ. ಅವತ್ತು ಫೋಟೋ ತೆಗೆದದ್ದೇ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ಕಬ್ಬು ಕಡಿಯುವ ಕಾಲ. ದಾರಿಯುದ್ದಕ್ಕೂ ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ನಮ್ಮ ಬಸ್ಸು. ಮನೆ ಮುಟ್ಟಿದಾಗ ಹನ್ನೊಂದು. ದೊಡ್ಡವ್ವನ ಮಗ ಹೊಲಕ್ಕೆ ಹೊರಟು ನಿಂತಿದ್ದ. ಕಬ್ಬು ಕಡಿಯುವ ಗ್ಯಾಂಗು ಬಂದಿದೆ, ಬಿಟ್ಟು ನಿಲ್ಲಲು ಆಗುವುದಿಲ್ಲ ಎಂದ. ಅದು ನಿಜವೇ. ಆದರೆ ಮನೆಯಲ್ಲಿ ನಿಲ್ಲಲು ಅವನಿಗೆ ಆಗುತ್ತಿರಲಿಲ್ಲ ಎನ್ನುವುದೂ ಅವನ ಮುಖದಲ್ಲಿ ಕಾಣುತ್ತಿತ್ತು. ತಾಯಿಗೆ ಬೈದರೆ ತಾಯಿ ಅಳುತ್ತಾಳೆ, ಸುಮ್ಮನಿದ್ದರೆ ಹೆಂಡತಿ ನೋಡುತ್ತಾಳೆ.

ದೊಡ್ಡವ್ವ ನನ್ನನ್ನು ನೋಡಿ ಎದ್ದು ಬಂದಳು. ಎರಡೂ ಕೈಯಿಂದ ನನ್ನ ಮುಖ ಸವರಿದಳು. ಬಹಳ ಇಳಿದಿದ್ದಳು, ಕುಪ್ಪಸ ತೋಳಿನಲ್ಲಿ ಜೋಲುತ್ತಿತ್ತು. ನಾನು ತಂದಿದ್ದ ಬಿಸ್ಕೀಟಿನ ಪ್ಯಾಕೀಟನ್ನು ಕೈಗೆ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು, ಎರಡೂ ತುದಿಯ ಅಂಟು ನೋಡಿ, ಬಿಚ್ಚಿ, ಎರಡು ತಿಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗೆಳತಿ ಒಳಗೆ ಹೋದಳು.

ನಾನು ಹೇಳಲು ಶುರು ಮಾಡಿದೆ. ಅದು ಹಾಲಿನ ಪುಡಿ ದೊಡ್ಡವ್ವ, ಹಾಲಿಗೆ ಹಾಲಿನ ಪುಡಿಯನ್ನೇ ಹಾಕುತ್ತೇವೆ. ಆ ಅತ್ತೆ ಆಗುವವರು ನನ್ನ ಜೊತೆಯಲ್ಲೇ ಕೂತು ಊಟ ಮಾಡುತ್ತಾರೆ, ನನ್ನ ಡಬ್ಬಿಯ ಚಟ್ನಿ ಕೇಳಿ ಹಾಕಿಸಿಕೊಳ್ಳುತ್ತಾರೆ. ಫೋನಿನಲ್ಲಿದ್ದ ಫೋಟೋ ತೋರಿಸಿದೆ: ನಾವಿಬ್ಬರೂ ಮೇಕಪ್ಪಿನಲ್ಲೇ ಒಂದು ಕುರ್ಚಿಗೆ ಆತುಕೊಂಡು ನಗುತ್ತಿರುವುದು. ದೊಡ್ಡವ್ವ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು, ನೋಡಿದಳು. ಆಮೇಲೆ ನನ್ನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಅದು ನಾಟಕ ಅಂತ ನನಗ ಗೊತ್ತಿಲ್ಲೇನು? ನಾ ಏನು ಹುಚ್ಚಿ ಅಲ್ಲ," ಅಂದಳು. "ಖರೆ, ಹಾಲ ಕೊಟ್ಟು ನೀ ನಕ್ಕಿಯಲ್ಲ, ಆ ನಗಿ ನನ್ನ ಕಣ್ಣಿಗೆ ಖರೇನ ಕಂಡಿತು. ನೀ ಸಣ್ಣಾಕಿ ಇದ್ದಾಗಿಂದ ನಿನ್ನ ನೋಡೀನಿ. ನಿನ್ನ ಸುಳ್ಳ ನನಗ ಗುರ್ತ ಸಿಗಲಿಲ್ಲ. ಇಕಿ ದಿನಾ ನಕ್ಕೊಂತ ತಾಟ ತಂದು ಇಡತಾಳ. ಇಕಿದು ಖರೆನೋ ಸುಳ್ಳೋ, ನನಗ ಹೆಂಗ ಗುರ್ತ ಸಿಗಬೇಕು?"

ನನ್ನ ನಟನೆಯನ್ನು ಅಷ್ಟು ಹೊಗಳಿದವರು ಆವರೆಗೆ ಯಾರೂ ಇರಲಿಲ್ಲ, ಮತ್ತು ನನ್ನ ಜೀವಮಾನದಲ್ಲಿ ಅಷ್ಟು ಭಯ ನನಗೆ ಎಂದೂ ಆಗಿರಲಿಲ್ಲ. ಅವಳು ಕಥೆಯನ್ನು ನಿಜವೆಂದು ನಂಬಿದ್ದರೆ ಬಿಡಿಸಿ ಹೇಳಬಹುದಿತ್ತು. ಅವಳು ನಂಬಿದ್ದು ಕಥೆಯನ್ನಲ್ಲ, ನನ್ನ ನಗುವನ್ನು.

ಗುರುವಾರ ನಾನೇ ಅಡುಗೆ ಮಾಡಿದೆ. ರೊಟ್ಟಿ ಬಡಿದೆ, ಕಡಲೆಹಿಟ್ಟಿನ ಜುಣಕ ಮಾಡಿದೆ. ಹಿಟ್ಟು ಅದೇ ಡಬ್ಬಿಯದಲ್ಲವೇ ಎಂದು ಕೇಳಿ ದೊಡ್ಡವ್ವ ತಾಟನ್ನು ದೂರ ಸರಿಸಿದಳು. ಅಂಗಡಿಯಿಂದ ಹೊಸ ಹಿಟ್ಟು ತರುತ್ತೇನೆ ಎಂದೆ. ನೀರು ಯಾವ ಕೊಡದ್ದು ಎಂದಳು. ಮಧ್ಯಾಹ್ನ ಎರಡು ಬಾಳೆಹಣ್ಣು ತಿಂದಳು, ಸಂಜೆ ಒಂದು. ಆದರೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ನುಂಗಿದಳು. ಅದು ಪಟ್ಟಿಯಲ್ಲಿ ಸೀಲಾಗಿ ಬರುತ್ತದೆ, ಅವಳೇ ಒಡೆದು ತೆಗೆಯುತ್ತಿದ್ದಳು. ಗುಳಿಗೆಯಾದರೂ ತೆಗೆದುಕೊಳ್ಳುತ್ತಾಳಲ್ಲ ಎಂದು ನಾನು ಸಮಾಧಾನಪಟ್ಟೆ. ಹೊಟ್ಟೆಗಿಲ್ಲದೆ ಆ ಗುಳಿಗೆ ನುಂಗಿದರೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ಸಂಜೆಯ ಬಸ್ಸಿಗೆ ನಾನು ಹೊರಡಬೇಕಿತ್ತು. ಚೀಲ ತೆಗೆದುಕೊಂಡು ಪಡಸಾಲೆಗೆ ಬಂದಾಗ ಗೆಳತಿ ಒಂದು ಮೂಲೆಯಲ್ಲಿ ಕುಳಿತು ತನ್ನ ಸೀರೆಗಳನ್ನು ಮಡಿಸುತ್ತಿದ್ದಳು. ಒಂದನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ನಾಳೆ ಅಣ್ಣನ ಜೊತೆ ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ. ಹೋದರೆ ತಪ್ಪು ಒಪ್ಪಿಕೊಂಡಂತೆ. ಉಳಿದರೆ ದಿನಾ ಮೂರು ಹೊತ್ತು ಆ ಸರಿಸಿದ ತಾಟನ್ನು ನೋಡಬೇಕು. ಚೀಲವನ್ನು ಗೂಟಕ್ಕೆ ಹಾಕಿದೆ. ಮ್ಯಾನೇಜರನಿಗೆ ಫೋನು ಮಾಡುವ ಧೈರ್ಯವಾಗದೆ ಒಂದು ಮೆಸೇಜು ಹಾಕಿ ಫೋನನ್ನು ಬಂದ್ ಮಾಡಿದೆ.

ಶುಕ್ರವಾರ ಮಧ್ಯಾಹ್ನ ಎರಡರ ಸುಮಾರು. ದೊಡ್ಡವ್ವ ಬೆಳಿಗ್ಗೆಯೇ ಪೂಜೆ ಮುಗಿಸಿ ಗುಳಿಗೆ ನುಂಗಿದ್ದಳು, ಈಗ ಗೋಡೆಗೆ ಆತು ಕುಳಿತಿದ್ದಳು. ನಾನು ಎದುರಿಗೆ ಕುಳಿತು ಏನೋ ಹೇಳುತ್ತಿದ್ದೆ. ಅವಳು ಹೂಂ ಎನ್ನುವುದನ್ನು ಬಿಟ್ಟಳು. ನೋಡಿದರೆ ಹಣೆ, ಕುತ್ತಿಗೆ ಎಲ್ಲ ಬೆವರು. ಬೆವರುವ ಕಾಲವಲ್ಲ ಅದು, ಚಳಿಗಾಲ. ದೊಡ್ಡವ್ವ ಎಂದು ಅಲುಗಾಡಿಸಿದೆ. ಏನೋ ಅಂದಳು, ಮಾತು ತೊದಲಿತ್ತು. ಕೈ ನಡುಗುತ್ತಿತ್ತು. ನಾನು ಚೀರಿದೆ. ಎಷ್ಟೋ ವರ್ಷಗಳ ಮೇಲೆ ನನ್ನ ಮಗ್ಗದ ದನಿ ಹೊರಗೆ ಬಂದಿತ್ತು.

ಗೆಳತಿ ಓಡಿ ಬಂದಳು. ಒಂದು ಸಲ ನೋಡಿದವಳೇ ಒಳಗೆ ಹೋಗಿ ಗ್ಲಾಸಿನಲ್ಲಿ ನೀರು, ಸಕ್ಕರೆ ಹಾಕಿಕೊಂಡು ಬಂದಳು. ಅವಳ ತಂದೆಗೂ ಈ ಕಾಯಿಲೆ ಇತ್ತು, ಅವಳಿಗೆ ತಿಳಿಯಿತು. ನನ್ನ ಕೈಗೆ ಕೊಟ್ಟು, ನೀನೇ ಕುಡಿಸು, ನಾನು ಕೊಟ್ಟರೆ ಕುಡಿಯುವುದಿಲ್ಲ ಎಂದಳು. ಸಕ್ಕರೆ ತಳದಲ್ಲಿ ನಿಂತಿತ್ತು. ನಾನು ಚಮಚದಿಂದ ಕದಡಿದೆ. ಚಮಚ ಗ್ಲಾಸಿಗೆ ತಾಗಿ ಸದ್ದಾಯಿತು. ದೊಡ್ಡವ್ವ ಕಣ್ಣು ತೆರೆದಳು. ಗ್ಲಾಸನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು.

ನನ್ನನ್ನು ಆ ನೋಟದಿಂದ ನೋಡಿದವರು ಇನ್ನೊಬ್ಬರಿಲ್ಲ. ಕ್ಯಾಮೆರಾದ ಮುಂದೆ ಎಷ್ಟೋ ಜನ ನನಗೆ ಹೆದರಿದಂತೆ ನಟಿಸಿದ್ದಾರೆ. ಹೆದರಿಕೆ ಹಾಗಿರುವುದಿಲ್ಲ. ದೊಡ್ಡವ್ವನ ತುಟಿ ಬಿಗಿಯಿತು, ಹಲ್ಲು ಕಚ್ಚಿದಳು. ಕಾಲಿನಿಂದ ನೆಲವನ್ನು ಒತ್ತಿ ಗೋಡೆಯ ಕಡೆಗೆ ಸರಿಯಲು ನೋಡಿದಳು. ನಾನು ಬೇಡಿಕೊಂಡೆ, ದೊಡ್ಡವ್ವ ಇದು ಬರೀ ಸಕ್ಕರೆ ನೀರು ಎಂದೆ, ಅಳುತ್ತ ಗಲ್ಲ ಹಿಡಿದು ಬಾಯಿ ತೆರೆಸಲು ನೋಡಿದೆ. ನೀರು ಅವಳ ಗದ್ದದಿಂದ ಇಳಿದು ಕುಪ್ಪಸ ತೊಯ್ದಿತು.

ಗೆಳತಿ ನನ್ನನ್ನು ಭುಜದಿಂದ ನೂಕಿದಳು. ಮತ್ತೊಂದು ಗ್ಲಾಸು ತಂದಿದ್ದಳು. ದೊಡ್ಡವ್ವನ ಎದುರಿಗೆ ಮೊಣಕಾಲೂರಿ ಕುಳಿತು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಗ್ಲಾಸನ್ನು ತುಟಿಗೆ ಹಚ್ಚಿ ಅರ್ಧ ಕುಡಿದಳು. ಗಟಗಟ ಕುಡಿಯಲಿಲ್ಲ, ಒಂದೊಂದೇ ಗುಟುಕು, ಪ್ರತಿ ಗುಟುಕೂ ಗಂಟಲಲ್ಲಿ ಇಳಿಯುವುದು ಕಾಣುವ ಹಾಗೆ. ಆಮೇಲೆ ಉಳಿದರ್ಧವನ್ನು ದೊಡ್ಡವ್ವನ ತುಟಿಗೆ ಹಿಡಿದಳು.

ನಮ್ಮ ದೊಡ್ಡವ್ವ ಲಿಂಗಪೂಜೆಯಿಲ್ಲದೆ ನೀರು ಮುಟ್ಟುವವಳಲ್ಲ. ಇನ್ನೊಬ್ಬರ ಎಂಜಲು ಎಂದರೆ ಆಗದು. ಹೆತ್ತ ಮಗ ಬಾಯಿ ಹಚ್ಚಿದ ಗ್ಲಾಸನ್ನೂ ಬೂದಿ ಹಾಕಿ ತಿಕ್ಕಿಸುತ್ತಿದ್ದವಳು. ಅವಳು ಬಾಯಿ ತೆರೆದಳು. ಸೊಸೆಯ ಎಂಜಲನ್ನು ಕುಡಿದಳು, ತಳದ ಸಕ್ಕರೆಯವರೆಗೆ.

ಬಾಗಿಲಲ್ಲಿ ನೆರಳು ಬಿತ್ತು. ಗೆಳತಿಯ ಅಣ್ಣ ಬಂದು ನಿಂತಿದ್ದ, ತಂಗಿಯನ್ನು ಕರೆದೊಯ್ಯಲು. ಹಿಂದೆ ಅವನ ಕಾರು. ಅವನು ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದನೋ. ಗೆಳತಿ ತಿರುಗಿಯೂ ನೋಡದೆ, "ಅಣ್ಣಾ, ಗಾಡಿ ತಿರುವು. ಜಮಖಂಡಿಗಿ ಹೋಗೂಣು," ಅಂದಳು. ಅವನು ಒಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಬಂದು, ತಾನೇ ದೊಡ್ಡವ್ವನನ್ನು ಎತ್ತಿಕೊಂಡ.

ಹಿಂದಿನ ಸೀಟಿನಲ್ಲಿ ಗೆಳತಿಯ ತೊಡೆಯ ಮೇಲೆ ದೊಡ್ಡವ್ವನ ತಲೆ. ಮುಂದೆ ನಾನು. ರಸ್ತೆಯಲ್ಲಿ ಒಂದು ಕಬ್ಬಿನ ಟ್ರೇಲರು ಅಡ್ಡ ನಿಂತು, ಅದರ ಹಿಂದೆ ಸಾಲುಗಟ್ಟಿ ಗಾಡಿಗಳು. ಗೆಳತಿಯ ಅಣ್ಣ ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಯಾರೋ ಬೈದರು, ಯಾರೋ ಕಾರಿನೊಳಗೆ ಬಗ್ಗಿ ನೋಡಿ ದಾರಿ ಮಾಡಿಸಿದರು. ಇಡೀ ದಾರಿ ಗೆಳತಿ ಒಂದೇ ಮಾತನ್ನು ಹೇಳುತ್ತಿದ್ದಳು, "ಕಣ್ಣ ತೆಗೀರಿ ಅತ್ತಿ, ನಿದ್ದಿ ಮಾಡಬ್ಯಾಡ್ರಿ." ಹಿಂದೆ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ನನ್ನ ಮುಖ ಕಂಡರೆ ಮತ್ತೆ ಹೆದರುತ್ತಾಳೆ ಎಂಬ ಅಂಜಿಕೆ.

ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸಿದ ಮೇಲೆ, ಅರ್ಧ ಗಂಟೆಯಲ್ಲಿ ದೊಡ್ಡವ್ವ ಮಾತಾಡಿದಳು. ವೈದ್ಯರು ನಮ್ಮನ್ನು ಹೊರಗೆ ಕರೆದು, ಊಟ ಬಿಟ್ಟವರಿಗೆ ಗುಳಿಗೆ ಹೇಗೆ ಕೊಟ್ಟಿರಿ ಎಂದು ಬೈದರು. ಆಮೇಲೆ ಉಳಿದ ಕಥೆಯನ್ನೂ ಕೇಳಿದರು. ವಯಸ್ಸಾದವರಲ್ಲಿ ಇಂಥ ಸಂಶಯ ಬರುವುದುಂಟು, ಇದು ಮೆದುಳಿನ ಕಾಯಿಲೆಯ ಶುರುವಾತು ಇರಬಹುದು, ಬೆಳಗಾವಿಗೆ ಕರೆದುಕೊಂಡು ಹೋಗಿ ತೋರಿಸಿ ಎಂದರು. ಟೀವಿಯಿಂದಲೇ ಆಯಿತೇ ಎಂದು ಕೇಳಿದೆ. ಟೀವಿ ಇರದಿದ್ದರೆ ಬೇರೆ ಏನಾದರೂ ಸಿಗುತ್ತಿತ್ತು ಎಂದರು. ಆ ಮಾತನ್ನು ನಾನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹಗುರವಾಗುತ್ತದೆ, ಪೂರ್ತಿ ಆಗುವುದಿಲ್ಲ. ಬೇರೆ ಏನಾದರೂ ಸಿಗುತ್ತಿತ್ತು, ಆದರೆ ಸಿಕ್ಕಿದ್ದು ನಾನು.

ಗೆಳತಿಯ ಅಣ್ಣ ಕರೆದುಕೊಂಡು ಹೋಗುವ ಮಾತು ಎತ್ತಲಿಲ್ಲ. ಸಂಜೆ ದೊಡ್ಡವ್ವನ ಮಗ ಹೊಲದ ಮಣ್ಣಿನ ಕಾಲಲ್ಲೇ ಓಡಿ ಬಂದಾಗ, ಅವನ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಚಹಾ ತರಿಸಿ, ಮುಧೋಳಕ್ಕೆ ಹೊರಟುಹೋದ.

ಆ ದಿನದಿಂದ ಆ ಮನೆಯಲ್ಲಿ ಒಂದು ರೂಢಿ ಬಿತ್ತು. ದೊಡ್ಡವ್ವನ ತಾಟಿನಿಂದ ಮೊದಲ ತುತ್ತು ಗೆಳತಿ ಉಣ್ಣಬೇಕು, ಆಮೇಲೆ ದೊಡ್ಡವ್ವ. ಚಹಾವೂ ಹಾಗೆಯೇ, ನೀರೂ ಹಾಗೆಯೇ. ಗೆಳತಿ ಒಂದು ದಿನವೂ ಬೇಸರ ತೋರಿಸಲಿಲ್ಲ ಎಂದು ನಾನು ಬರೆಯಬಹುದು, ಅದು ಸುಳ್ಳಾಗುತ್ತದೆ. ಬೇಸರಪಟ್ಟಳು, ಸಿಟ್ಟಾದಳು. ಒಮ್ಮೆ ತಾಟನ್ನು ಅಂಗಳಕ್ಕೆ ಒಗೆದಿದ್ದಳಂತೆ. ಆದರೆ ದೊಡ್ಡವ್ವ ಉಂಡಳು.

ನಾನು ಸೆಟ್ಟಿಗೆ ಮರಳಿದಾಗ ಯಾರೂ ಬೈಯಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಮ್ಯಾನೇಜರ್ ನನ್ನ ಮುಖ ನೋಡದೆ ಮಾತಾಡಿದ. ಕಥೆ ಬರೆಯುವವನು ಮಾತ್ರ ಬಂದು ಪಕ್ಕದಲ್ಲಿ ಕುಳಿತ. ನನಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯವನು, ದಿನಕ್ಕೊಂದು ಕಂತು ಬರೆದು ಬರೆದು ಕಣ್ಣ ಕೆಳಗೆ ಕಪ್ಪು ಕಟ್ಟಿದ್ದವನು. ಅವನಿಗೆ ಎಲ್ಲವನ್ನೂ ಹೇಳಿದೆ. ಅರ್ಧ ಗ್ಲಾಸಿನ ಮಾತು ಬಂದಾಗ ಅವನ ಕಣ್ಣಲ್ಲಿ ನೀರಾಡಿತು. ನಾನದನ್ನು ನೋಡಿ, ಒಬ್ಬನಿಗಾದರೂ ಅರ್ಥವಾಯಿತಲ್ಲ ಅಂದುಕೊಂಡೆ.

ಎರಡು ವಾರದ ಮೇಲೆ ಬೆಳಿಗ್ಗೆ ಸೀನಿನ ಹಾಳೆ ಕೈಗೆ ಬಂತು. ಹಾಲಿನ ಬಗ್ಗೆ ಮನೆಯವರಿಗೆ ಸಂಶಯ ಬಂದಿದೆ. ಎಲ್ಲರೂ ಸೇರಿದ್ದಾರೆ. ನನ್ನ ಪಾತ್ರ ಎಲ್ಲರ ಮುಂದೆ ಆ ಹಾಲನ್ನು ಅರ್ಧ ಕುಡಿದು, ಉಳಿದರ್ಧವನ್ನು ಅತ್ತೆಗೆ ಕೊಡುತ್ತದೆ. ಅತ್ತೆ ನಂಬಿ ಕುಡಿಯುತ್ತಾಳೆ. ಆಮೇಲೆ ನಾನು ಕೋಣೆಗೆ ಹೋಗಿ, ಮೊದಲೇ ತೆಗೆದುಕೊಂಡಿದ್ದ ಮದ್ದಿನ ಶೀಶೆಯನ್ನು ಕನ್ನಡಿಯ ಮುಂದಿಟ್ಟು ನಗಬೇಕು. ವಿಷಕ್ಕೆ ಮದ್ದು ಕುಡಿದೇ ಬಂದಿದ್ದಳು ಎಂಬುದು ಆ ದಿನದ ಕೊನೆ.

ಹಾಳೆಯನ್ನು ಎರಡು ಸಲ ಓದಿದೆ. ಸಾವಳಗಿಯ ಆ ಮನೆಯಲ್ಲಿ ಉಳಿದಿದ್ದ ನಂಬಿಕೆ ಅದೊಂದೇ, ಅರ್ಧ ಅವಳು, ಅರ್ಧ ಇವಳು. ಅದನ್ನೂ ನಾನೇ ಹೋಗಿ ಕಸಿದುಕೊಳ್ಳಬೇಕು, ಏಳೂವರೆಗೆ, ದೊಡ್ಡವ್ವ ಟೀವಿಯ ಮುಂದೆ ಕುಳಿತಿರುವಾಗ.

ಮಾಡುವುದಿಲ್ಲ ಎಂದೆ. ನಿರ್ದೇಶಕರು ಮೊದಲು ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು.

"ಮೇಡಂ, ಇಡೀ ವಾರದ ಕಥೆ ಇದರ ಮೇಲೇ ನಿಂತಿದೆ. ನೀವು ಕೊಟ್ಟ ಐಡಿಯಾನೇ ಅಲ್ವಾ?"

ನಾನು ಕೊಟ್ಟದ್ದು ಐಡಿಯಾ ಅಲ್ಲ ಎಂದೆ. ಆ ಸೀನನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡುತ್ತೇನೆ ಎಂದೆ. ಮೆಟ್ಟಿಲಿನಿಂದ ನೂಕುತ್ತೇನೆ, ಮನೆಗೆ ಬೆಂಕಿ ಹಚ್ಚುತ್ತೇನೆ. ಅವರು ಬಹಳ ಹೊತ್ತು ಸಮಾಧಾನದಿಂದ ಮಾತಾಡಿದರು. ಒಬ್ಬ ಮುದುಕಿಗೋಸ್ಕರ ಲಕ್ಷಾಂತರ ಜನ ನೋಡುವ ಕಥೆ ಬದಲಿಸಲು ಆಗುತ್ತದೆಯೇ ಎಂದರು. ಅವರ ಮಾತೂ ತಪ್ಪಲ್ಲ. ಬರೆದವನು ದೂರದಲ್ಲಿ ನಿಂತು ತನ್ನ ಚಪ್ಪಲಿ ನೋಡುತ್ತಿದ್ದ. ಲೈಟು ಹಾಕಿ ಎರಡು ಗಂಟೆ ಎಲ್ಲರೂ ನನಗಾಗಿ ಕಾದರು. ಕೊನೆಗೆ ನಾನು ಒಡವೆಗಳನ್ನು ಒಂದೊಂದಾಗಿ ಬಿಚ್ಚಿ ಕಾಸ್ಟ್ಯೂಮಿನವರ ತಟ್ಟೆಯಲ್ಲಿಟ್ಟೆ. ಯಾರೂ ತಡೆಯಲಿಲ್ಲ.

ಮೂರನೆಯ ದಿನ ಬೇರೆ ನಟಿಯನ್ನು ತಂದರು. ಇನ್ನು ಮುಂದೆ ಈ ಪಾತ್ರದಲ್ಲಿ ಇವರು ಎಂದು ಪರದೆಯ ಕೆಳಗೆ ಒಂದು ಸಾಲು ಬಂದುಹೋಯಿತು. ಅವಳು ಮೊದಲು ಕಾಣಿಸಿಕೊಂಡದ್ದೇ ಆ ಹಾಲಿನ ಸೀನಿನಲ್ಲಿ. ಅದು ಪ್ರಸಾರವಾಗುವ ದಿನ ಮುಂಚೆಯೇ ಗೆಳತಿಗೆ ಫೋನು ಮಾಡಿ, ಇವತ್ತು ಟೀವಿ ಹಚ್ಚಬೇಡ ಎಂದೆ. ಹಚ್ಚದಿದ್ದರೆ ಯಾಕೆ ಎಂದು ಕೇಳುತ್ತಾರೆ, ಅದು ಇನ್ನೂ ಕೆಟ್ಟದ್ದು ಎಂದಳು. ಏಳೂವರೆಗೆ ನಾನು ನನ್ನ ಬಾಡಿಗೆ ಮನೆಯಲ್ಲಿ ಒಬ್ಬಳೇ ಕುಳಿತು ನೋಡಿದೆ. ಹೊಸ ಹುಡುಗಿ ಚೆನ್ನಾಗಿ ಮಾಡಿದಳು. ಕನ್ನಡಿಯ ಮುಂದಿನ ನಗುವನ್ನು ನನಗಿಂತ ಚೆನ್ನಾಗಿ ನಕ್ಕಳು. ಆ ಹೆದರಿಕೆಯ ನಡುವೆಯೂ ನನಗೆ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ಎಂಟಾಯಿತು, ಎಂಟೂಕಾಲಾಯಿತು. ಗೆಳತಿ ಫೋನು ಎತ್ತಲಿಲ್ಲ. ಎಂಟೂವರೆಗೆ ಅವಳೇ ಮಾಡಿದಳು.

"ನೋಡಿದ್ರು," ಅಂದಳು. "ಇಕಿ ಯಾರ, ನಮ್ಮ ಹುಡುಗಿ ಎಲ್ಲಿ ಅಂದ್ರು. ಇಕಿ ಬ್ಯಾರೆ, ಇದು ಬ್ಯಾಡ, ಬಂದ್ ಮಾಡು ಅಂದ್ರು."

"ಆಮ್ಯಾಲೆ?"

"ಆಮ್ಯಾಲೆ ಏನು, ಉಂಡ್ರು. ಮೊದಲನೇ ತುತ್ತು ನಾ ಉಂಡೆ."

ಅದಾದ ಮೇಲೆ ಒಂಬತ್ತು ತಿಂಗಳು ನನಗೆ ಕೆಲಸ ಬರಲಿಲ್ಲ. ಸೆಟ್ಟು ಬಿಟ್ಟು ಎದ್ದು ಹೋಗುವವಳು ಎಂಬ ಹೆಸರು ಬಂದಿತ್ತು. ಬೇರೆಯವರಿಗೆ ದನಿ ಕೊಟ್ಟು ಕಾಲ ಕಳೆದೆ. ಆಮೇಲೆ ಸಣ್ಣ ಪಾತ್ರಗಳು ಬಂದವು, ವಕೀಲೆ, ನರ್ಸು, ನಾಯಕಿಯ ಚಿಕ್ಕಮ್ಮ. ಈಗ ಒಂದು ಧಾರಾವಾಹಿಯಲ್ಲಿ ತಾಯಿಯಾಗಿದ್ದೇನೆ. ಕೆಟ್ಟವಳ ಪಾತ್ರ ಮತ್ತೆ ಕೇಳಿಬಂದರೆ ಮಾಡುತ್ತೇನೆಯೇ ಎಂದು ಯಾರೋ ಕೇಳಿದರು. ಮಾಡುತ್ತೇನೆ. ಅದು ನನಗೆ ಚೆನ್ನಾಗಿ ಬರುವ ಕೆಲಸ.

ದೊಡ್ಡವ್ವ ಇನ್ನೂ ಎರಡು ವರ್ಷ ಇದ್ದಳು. ಬರಬರುತ್ತ ಸಂಶಯವೂ ಮರೆತುಹೋಯಿತು, ಸೊಸೆ ಎನ್ನುವುದೂ ಮರೆತುಹೋಯಿತು. ಗೆಳತಿಯನ್ನು ಅವ್ವಾ ಎಂದು ಕರೆಯತೊಡಗಿದ್ದಳು. ಕೊನೆಯ ಸಲ ನಾನು ಹೋದಾಗ ನನ್ನನ್ನು ಯಾರೋ ಬಂದ ಬೀಗರು ಎಂದುಕೊಂಡು, ಸೆರಗು ಸರಿ ಮಾಡಿಕೊಂಡು, ದೂರದಿಂದ ಬಂದಿರೇನು, ಕೂಡ್ರಿ ಎಂದು ಉಪಚಾರ ಮಾಡಿದಳು. ನಾನು ಕುಳಿತೆ. ಗೆಳತಿ ಮೂವರಿಗೂ ಚಹಾ ತಂದಳು. ದೊಡ್ಡವ್ವ ತನ್ನ ಕಪ್ಪನ್ನು ಎತ್ತಿ, ಯಾರ ಕಡೆಗೂ ನೋಡದೆ, ಆರಲಿಕ್ಕೂ ಕಾಯದೆ ಕುಡಿದಳು.